ಶೆಲ್ಫಿನ ಮೇಲಿನ ಪುಟ್ಟ ಕೈ

ಜುಲೈ 9

ಬುಗುರಿ,

ನಿನ್ನ ಕಾಲೇಜಿನಿಂದ ಅಂಚೆಯಲ್ಲಿ ಒಂದು ದಪ್ಪ ಲಕೋಟೆ ಬಂತು. ಒಳಗೆ ನುಣುಪು ಕಾಗದದ ಪುಸ್ತಕ, ‘ಈ ವರ್ಷ ನಮ್ಮನ್ನು ಸೇರಿದವರ ಆಯ್ದ ಪ್ರಬಂಧಗಳು’ ಅಂತ. ಏಳನೇ ಪುಟದಲ್ಲಿ ನಿನ್ನ ಫೋಟೋ. ನನ್ನ ಕೈಗೆ ಹಲ್ಲಿನ ಅಚ್ಚಿನ ಪ್ಲಾಸ್ಟರ್ ಮೆತ್ತಿಕೊಂಡಿತ್ತು. ತೊಳೆದುಕೊಂಡು, ಕನ್ನಡಕ ಹುಡುಕಿಕೊಂಡು, ಅಡುಗೆಮನೆಯ ಕುರ್ಚಿ ಎಳೆದುಕೊಂಡು ಕೂತೆ. ಮಗಳು ಏನು ಬರೆದು ಅಷ್ಟು ದೊಡ್ಡ ಕಾಲೇಜಿನ ಸೀಟು ಗಿಟ್ಟಿಸಿದಳು ನೋಡೋಣ ಎಂದು ನನಗೂ ಕುತೂಹಲವಿತ್ತು.

ಎರಡು ಸಲ ಓದಿದೆ. ಮೂರನೇ ಸಲ ಓದುವಾಗ ಒಲೆಯ ಮೇಲೆ ಕರಗಲು ಇಟ್ಟಿದ್ದ ಮೇಣ ಹೊಗೆಯಾಡಿತು. ಮುಂದಿನ ಕೋಣೆಯಿಂದ ಅಪ್ಪ, "ಏನೇ ಅದು, ಮನೆಗೇ ಬೆಂಕಿ ಇಡ್ತೀಯಾ?" ಅಂತ ಕೂಗಿದರು.

ಈಗ ಹೇಳು. ಆ ಹುಡುಗ ಯಾರು?

ಚೋಟು ಅಂತೆ. ನಿನ್ನ ತಮ್ಮನಂತೆ. ಹುಟ್ಟಿನಿಂದಲೇ ಹೃದಯದ ಕಾಯಿಲೆಯಂತೆ. ಅಪ್ಪ ಅಮ್ಮ ಮೂರು ಹೊತ್ತೂ ಊರವರಿಗೆ ಹಲ್ಲಿನ ಸೆಟ್ಟು ಮಾಡುವುದರಲ್ಲಿ ಮುಳುಗಿರುತ್ತಿದ್ದರಂತೆ, ಆರು ವರ್ಷದ ನೀನು ಮೂರು ವರ್ಷದ ಅವನಿಗೆ ಊಟ ಮಾಡಿಸಿ, ಔಷಧಿ ಕುಡಿಸಿ, ಅವನ ಹಾಸಿಗೆಯ ಪಕ್ಕದಲ್ಲೇ ಕೂತು ಓದಿ ಕ್ಲಾಸಿಗೆ ಮೊದಲು ಬರುತ್ತಿದ್ದೆಯಂತೆ. ಹಗಲಲ್ಲೂ ಕತ್ತಲಿರುವ ನಮ್ಮ ಪ್ಯಾಸೇಜಿಗೆ ಅವನು ಹೆದರಿ "ಅಕ್ಕ, ಲೈಟ್ ಹಾಕೇ" ಅನ್ನುತ್ತಿದ್ದನಂತೆ. ಆರು ತುಂಬಿದ ಮೇಲೆ ಒಂದು ದಿನ ಹೋಗಿಬಿಟ್ಟನಂತೆ. ಅಪ್ಪ ಅವನ ಕೈಯ ಅಚ್ಚು ತೆಗೆದು ಶೆಲ್ಫಿನ ಮೇಲೆ ಇಟ್ಟಿದ್ದಾರೆ, ಆ ಕೈ ಇವತ್ತಿಗೂ ನನ್ನನ್ನು ಓದಿಸುತ್ತಿದೆ ಅಂತ ಮುಗಿಸಿದ್ದೀಯ.

ಮಗಳೇ, ನಾನು ಸಾಕಿದ್ದು ನಿನ್ನೊಬ್ಬಳನ್ನೇ. ನೀನು ಯಾರಿಗೂ ತುತ್ತು ಇಟ್ಟಿದ್ದು ನಾನು ಕಾಣೆ. ಹತ್ತು ವರ್ಷದವರೆಗೂ ತಟ್ಟೆ ಹಿಡಿದು ನಿನ್ನ ಹಿಂದೆ ಓಡಿದವಳು ನಾನು.

ಫೋನು ಮಾಡಬೇಡ. ಮನೆಗೆಲ್ಲ ಇರುವುದು ಒಂದು ಫೋನು, ಅದು ಅಪ್ಪನ ಕೆಲಸದ ಮೇಜಿನ ಮೇಲಿದೆ. ಅವರಿಗೆ ನಾನು ಪುಸ್ತಕ ತೋರಿಸಿಲ್ಲ, ಡಬ್ಬಗಳ ಹಿಂದೆ ಇಟ್ಟಿದ್ದೇನೆ. ಬರೆದು ಕಳಿಸು.

ಕನ್ನಡಕ ಇನ್ನೂ ತೆಗೆಯದೆ ಕೂತಿರುವ,
ಅಮ್ಮ

ಜುಲೈ 21

ಅಮ್ಮ,

ಆ ಪುಸ್ತಕವನ್ನು ಮನೆಗಳಿಗೂ ಕಳಿಸುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅರ್ಜಿಯಲ್ಲಿ ವಿಳಾಸವನ್ನೇ ತಪ್ಪು ಕೊಡುತ್ತಿದ್ದೆ. ನೋಡು, ಸುಳ್ಳು ಈಗ ಎಷ್ಟು ಸಲೀಸಾಗಿ ಬರುತ್ತೆ.

ಬೈಯುವ ಮೊದಲು ಪೂರ್ತಿ ಕೇಳು. ಅರ್ಜಿಯ ಕೊನೆಯಲ್ಲಿ ಎರಡು ಖಾಲಿ ಪುಟ ಇದ್ದವು. ‘ನೀವು ಬದುಕಿನಲ್ಲಿ ಎದುರಿಸಿದ ಅತಿ ದೊಡ್ಡ ಕಷ್ಟವನ್ನು ವಿವರಿಸಿ.’ ಅಂಕ ಎಲ್ಲರಿಗೂ ಇರುತ್ತದೆ, ಸೀಟು ಕೊಡಿಸುವುದು ಈ ಎರಡು ಪುಟವೇ ಅಂತ ಕೋಚಿಂಗ್ ಮೇಷ್ಟ್ರು ಹೇಳುತ್ತಿದ್ದರು. ನಾನು ಮೊದಲು ಬರೆದದ್ದು ನಮ್ಮ ಮನೆಯ ಬಗ್ಗೆಯೇ. ಅಪ್ಪನ ಕೆಮ್ಮು, ಎಲ್ಲದರ ಮೇಲೂ ಕೂರುವ ಬಿಳಿ ಧೂಳು, ಪರೀಕ್ಷೆಯ ಹಿಂದಿನ ದಿನ ಹೆಡ್‌ಮಾಸ್ತರರು ಹೊಸ ಹಲ್ಲು ಸೀಟಿ ಹೊಡೆಯುತ್ತೆ ಅಂತ ಬಂದು ಮೂರು ಗಂಟೆ ಸೀಟಿ ಹೊಡೆದದ್ದು. ಮೇಷ್ಟ್ರು ಓದಿ ಹಾಳೆ ಕೆಳಗಿಟ್ಟರು. "ನಿನ್ನ ಬದುಕಲ್ಲಿ ಏನೂ ಆಗೇ ಇಲ್ವಲ್ಲಮ್ಮ" ಅಂದರು. ತಮಾಷೆಗಲ್ಲ, ನಿಜವಾಗಿ ಅಯ್ಯೋ ಪಾಪ ಅಂತ ಅಂದರು.

ಕ್ಲಾಸಿನಲ್ಲಿ ಒಬ್ಬ ಸೈಕಲ್‌ನಿಂದ ಬಿದ್ದು ಕೈ ಮುರಿದುಕೊಂಡಿದ್ದನ್ನು ಯುದ್ಧದಿಂದ ಬಂದವನ ಹಾಗೆ ಬರೆದಿದ್ದ. ಇನ್ನೊಬ್ಬಳು ಅಪ್ಪ ನಮ್ಮನ್ನು ಬಿಟ್ಟುಹೋದರು ಅಂತ ಬರೆದು ಓದಿ ಎಲ್ಲರನ್ನೂ ಅಳಿಸಿದಳು. ಕ್ಲಾಸು ಮುಗಿದ ಮೇಲೆ ಅವಳನ್ನು ಕರೆದುಕೊಂಡು ಹೋಗಲು ಅದೇ ಅಪ್ಪ ಬಂದಿದ್ದರು. ನನಗೆ ಅಲ್ಲಿ ನಾಚಿಕೆಯಾಗುತ್ತಿತ್ತು ಅಮ್ಮ. ನೀವಿಬ್ಬರೂ ನನ್ನನ್ನು ಅಷ್ಟು ಚೆನ್ನಾಗಿ ಸಾಕಿದ್ದಕ್ಕೆ ನಾಚಿಕೆ.

ಅವತ್ತು ಮನೆಗೆ ಬಂದು ಅಪ್ಪನ ಕೋಣೆಯಲ್ಲಿ ಕೂತೆ. ಎದುರಿಗೆ ಶೆಲ್ಫು, ಯಾರುಯಾರದೋ ದವಡೆಗಳ ಸಾಲು, ಅವುಗಳ ನಡುವೆ ಆ ಸಣ್ಣ ಪ್ಲಾಸ್ಟರ್ ಕೈ. ಚಿಕ್ಕವಳಿದ್ದಾಗ ಇದು ಯಾರ ಕೈ ಅಂತ ಕೇಳಿದಾಗಲೆಲ್ಲ ಅಪ್ಪ "ಸ್ಯಾಂಪಲ್ಲು" ಅನ್ನುತ್ತಿದ್ದರಲ್ಲ, ಅದು. ನಾನು ಅದರ ಜೊತೆ ಮನೆ ಆಟ ಆಡುತ್ತಿದ್ದೆ, ನೆನಪಿದೆಯಾ? ಅದರ ತೋರುಬೆರಳಿನ ಮೇಲೆ ಒಂದು ಗುಳ್ಳೆ ಇದೆ. ಅದನ್ನು ಅವನು ದೀಪ ಮುಟ್ಟಿ ಸುಟ್ಟುಕೊಂಡ ಗಾಯ ಅಂತ ಬರೆದೆ. ಆಮೇಲೆ ಮಿಕ್ಕಿದ್ದೆಲ್ಲ ತಾನಾಗಿಯೇ ಬಂತು. ಒಂದೇ ಸಲಕ್ಕೆ, ಒಂದು ಚಿತ್ತುಕಾಟೂ ಇಲ್ಲದೆ.

ಯಾರಿಗೂ ಇದರಿಂದ ನಷ್ಟವಾಗಿಲ್ಲ. ಇಲ್ಲದ ಹುಡುಗ ತಾನೇ?

ತಪ್ಪಾಯಿತು ಅನ್ನಲು ಇನ್ನೂ ಮನಸ್ಸು ಬಾರದ,
ಬುಗುರಿ

ಆಗಸ್ಟ್ 30

ಬುಗುರಿ,

ಇಷ್ಟು ದಿನ ಬರೆಯದಿದ್ದುದಕ್ಕೆ ಅಮ್ಮ ಸಿಟ್ಟಾಗಿದ್ದಾಳೆ ಅಂದುಕೊಂಡಿರುತ್ತೀಯ. ಸಿಟ್ಟು ಮೊದಲನೇ ವಾರಕ್ಕೇ ಇಳಿಯಿತು. ಆಮೇಲೆ ಹಿಡಿದದ್ದು ಬೇರೆ.

ಅದು ಸ್ಯಾಂಪಲ್ ಅಲ್ಲ.

ನಿನಗೆ ಮೂರು ವರ್ಷವಿದ್ದಾಗ ದೊಡ್ಡಮ್ಮನ ಮನೆಯಲ್ಲಿ ಒಂದು ತಿಂಗಳು ಬಿಟ್ಟಿದ್ದೆವು. ನಿನಗೊಂದು ಹಸಿರು ಫ್ರಾಕು ಹೊಲಿಸಿದ್ದರು, ಅದೊಂದು ನೆನಪಿರಬಹುದು. ಆಗ ನಿನಗೆ ತಮ್ಮ ಹುಟ್ಟಿದ್ದ. ಫೆಬ್ರವರಿ ಮೂರಕ್ಕೆ ಹುಟ್ಟಿದ, ಇಪ್ಪತ್ತೆರಡಕ್ಕೆ ಹೋದ. ಹತ್ತೊಂಬತ್ತು ದಿನ. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಆಚೆ ಬರಲೇ ಇಲ್ಲ. ನೀನು ಬರೆದೆಯಲ್ಲ, ಹೃದಯದ ಕಾಯಿಲೆ ಅಂತ, ಅವನಿಗೆ ಶ್ವಾಸಕೋಶ ಬಲಿತಿರಲಿಲ್ಲ. ಅದೊಂದು ನೀನು ತಪ್ಪು ಬರೆದಿದ್ದೀಯ.

ಅಪ್ಪ ಕೈಯ ಅಚ್ಚು ಯಾವಾಗ ತೆಗೆದರು ಅಂತ ನನಗೆ ಗೊತ್ತಿಲ್ಲ. ಕೊನೆಯ ದಿನ ನನಗೆ ಪ್ರಜ್ಞೆ ಸರಿಯಿರಲಿಲ್ಲ, ಆಗ ಇರಬೇಕು. ಮನೆಗೆ ಬಂದ ಒಂದು ವಾರಕ್ಕೆ ಅದು ಶೆಲ್ಫಿನ ಮೇಲಿತ್ತು. ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ನೀನು ಸ್ವಲ್ಪ ದೊಡ್ಡವಳಾಗಿ ಪ್ರಶ್ನೆ ಮಾಡಿದಾಗ ಅವರು ಸ್ಯಾಂಪಲ್ ಅಂದರು. ಬಾಗಿಲಲ್ಲಿ ನಿಂತಿದ್ದ ನಾನು, ಸರಿ, ಇನ್ನು ನಮ್ಮ ಮನೆಯಲ್ಲಿ ಇದರ ಹೆಸರು ಹೀಗೇ ಅಂತ ಒಪ್ಪಿಕೊಂಡೆ. ಹದಿನೈದು ವರ್ಷ ಅದರ ಧೂಳು ಒರೆಸಿದ್ದೇನೆ, ಅವರೆದುರು ಬಾಯಿ ಬಿಟ್ಟಿಲ್ಲ.

ನಿನ್ನನ್ನು ಬೈಯಬೇಕು ಅಂತಲೇ ದಿನಾ ಆ ಪುಸ್ತಕ ತೆಗೆಯುತ್ತೇನೆ. ಓದಲು ಶುರು ಮಾಡಿದರೆ ಬೈಯುವುದು ಮರೆತುಹೋಗುತ್ತದೆ. ಅಲ್ಲಿ ಅವನು ಮೂರು ವರ್ಷದವನಾಗುತ್ತಾನೆ, ನಾಲ್ಕಾಗುತ್ತಾನೆ. ಊಟ ಬೇಡ ಅಂತ ಹಟ ಮಾಡುತ್ತಾನೆ. ಅಪ್ಪನ ಉಜ್ಜುವ ಮೋಟಾರಿನ ಸದ್ದಿಗೆ ಕುಣಿಯುತ್ತಾನೆ. ನನಗೆ ಅವನು ಹತ್ತೊಂಬತ್ತು ದಿನ ಕೊಟ್ಟ, ನೀನು ಎರಡು ಪುಟದಲ್ಲಿ ಆರು ವರ್ಷ ಕೊಟ್ಟುಬಿಟ್ಟೆ.

ಪ್ಯಾಸೇಜಿನ ಲೈಟು ಈಗ ಹಗಲೂ ಉರಿಯುತ್ತಿರುತ್ತದೆ. ಅಪ್ಪ ಯಾಕೆ ಅಂದರು. ನೆಲ ಒದ್ದೆ ಇದೆ ಅಂದೆ.

ಒಂದು ಕೇಳಲಾ? ಬೈಯಬೇಡ. ಅವನಿಗೆ ಯಾವ ಬಣ್ಣ ಇಷ್ಟ? ಅದನ್ನು ನೀನು ಬರೆದಿಲ್ಲ.

ನಿನ್ನ ಕಾಗದದ ದಾರಿ ಕಾಯುವ,
ಅಮ್ಮ

ಸೆಪ್ಟೆಂಬರ್ 14

ಅಮ್ಮ,

ನಿನ್ನ ಪತ್ರವನ್ನು ಮೆಟ್ಟಿಲ ಮೇಲೆ ನಿಂತು ಓದಿದೆ. ಹಸಿರು ಫ್ರಾಕು ನೆನಪಿದೆ. ಮನೆಗೆ ಬಂದಾಗ ನೀನು ನನ್ನನ್ನು ಎತ್ತಿಕೊಳ್ಳದೆ ಗೋಡೆ ಕಡೆ ತಿರುಗಿ ಮಲಗಿದ್ದೂ ನೆನಪಿದೆ. ಫ್ರಾಕು ನಿನಗೆ ಇಷ್ಟವಾಗಲಿಲ್ಲ ಅಂತ ನಾನು ತಿಳಿದಿದ್ದೆ. ಹದಿನೈದು ವರ್ಷ ಹಾಗೇ ತಿಳಿದಿದ್ದೆ.

ಆಟದ ಸಾಮಾನಿನ ಹಾಗೆ ಅವನ ಕೈಯನ್ನು ನೆಲದ ಮೇಲೆ ಎಳೆದಾಡಿದ್ದೇನೆ. ನೀನು ಒಂದು ದಿನವೂ ಅದನ್ನು ನನ್ನಿಂದ ಕಿತ್ತುಕೊಳ್ಳಲಿಲ್ಲ.

ಇಲ್ಲಿ ಏನಾಗುತ್ತಿದೆ ಗೊತ್ತಾ? ನನ್ನ ಕೋಣೆಯಲ್ಲಿ ಇನ್ನೊಬ್ಬಳಿದ್ದಾಳೆ, ಔಷಧಿ ಅಂಗಡಿಯವರ ಮಗಳು. ಅವಳ ಅಮ್ಮ ಹೋದ ವರ್ಷ ತೀರಿಕೊಂಡರು. ಎಂಟು ತಿಂಗಳು ಇವಳೇ ನೋಡಿಕೊಂಡಿದ್ದು. ಅದನ್ನು ಇವಳು ಪ್ರಬಂಧದಲ್ಲಿ ಬರೆದೇ ಇಲ್ಲ. "ಅಮ್ಮನ್ನ ಮಾರ್ಕ್ಸಿಗೆ ಮಾರಕ್ಕಾಗಲ್ಲ" ಅಂದಳು, ಆಮೇಲೆ ನನ್ನ ಪ್ರಬಂಧ ನೆನಪಾಗಿ, "ನಿಂದು ಹಾಗಲ್ಲ ಕಣೇ, ನೀನು ಅವನನ್ನ ಉಳಿಸ್ಕೊಂಡೆ" ಅಂತ ನನ್ನನ್ನೇ ಸಮಾಧಾನ ಮಾಡಿದಳು. ಮೊನ್ನೆ ಬಟ್ಟೆ ಒಗೆಯುವಾಗ ಕೇಳಿದಳು, "ಅವನ ದನಿ ಎಷ್ಟು ದಿನದ ಮೇಲೆ ಮರೆತುಹೋಯ್ತು? ನಂಗೆ ಅಮ್ಮನ ದನಿ ಹೋಗ್ತಾ ಇದೆ." ನಾನು ಏನು ಹೇಳಲಿ? ದನಿ ಹೋಗುತ್ತೆ, ಕೂಗಿದ ರೀತಿ ಉಳಿಯುತ್ತೆ ಅಂದೆ. ಅವಳು ಬಕೆಟ್ಟಿನ ಪಕ್ಕ ಕೂತು ಅತ್ತಳು, ಅವತ್ತು ಹೊಟ್ಟೆ ತುಂಬ ಊಟ ಮಾಡಿದಳು. ನಾನು ಮಾಡಲಿಲ್ಲ.

ಇದು ನಿನ್ನ ಪತ್ರಕ್ಕಿಂತ ಮೊದಲು. ಈಗ ಇನ್ನೂ ಕಷ್ಟ. ಮೆಟ್ಟಿಲು ಇಳಿಯುವಾಗ ಪಕ್ಕದಲ್ಲಿ ಸೊಂಟದೆತ್ತರಕ್ಕೆ ಯಾರೋ ಇದ್ದಾರೆ ಅನ್ನಿಸುತ್ತದೆ. ತಿರುಗಿದರೆ ಮೆಟ್ಟಿಲ ಕಂಬಿಯ ನೆರಳು. ನಿಜವಾದವನು ಇದ್ದಿದ್ದರೆ ಈಗ ಹದಿನೈದು, ನನಗಿಂತ ಎತ್ತರ ಇರುತ್ತಿದ್ದ. ಹಾಗಾದರೆ ಸೊಂಟದೆತ್ತರಕ್ಕೆ ಬರುವವನು ಯಾರು?

ಬಣ್ಣ ಕೇಳಬೇಡ ಅಮ್ಮ. ನನಗೆ ಭಯವಾಗುತ್ತದೆ. ಕೇಳಿದ ತಕ್ಷಣ ಹಳದಿ ಅಂತ ಉತ್ತರ ಬಂದುಬಿಟ್ಟಿತು.

ಬುಗುರಿ

ಅಕ್ಟೋಬರ್ 5

ಬುಗುರಿ,

ಹಳದಿಯೇ ಇರಬೇಕು ಅಂತ ನನಗೂ ಅನ್ನಿಸಿತ್ತು.

ಸೋಮವಾರ ಮೇಣದ ಹಾಳೆ ತರಲು ಪೇಟೆಗೆ ಹೋಗಿದ್ದೆ. ಚಪ್ಪಲಿ ಅಂಗಡಿಯವನು "ಯಾರಿಗಮ್ಮ?" ಅಂದಾಗ ನನ್ನ ಬಾಯಿ "ಆರು ವರ್ಷದ ಹುಡುಗನಿಗೆ" ಅಂತ ಹೇಳಿತು. ನಾನು ಯಾವಾಗ ಆ ಅಂಗಡಿ ಹತ್ತಿದೆ ಅನ್ನುವುದೇ ನೆನಪಿಲ್ಲ. "ಕಾಲಿನ ಅಳತೆ ತಂದಿದೀರಾ?" ಅಂದ. ಇಲ್ಲ ಅಂದೆ. "ದೊಡ್ಡದಾದ್ರೆ ಪರವಾಗಿಲ್ಲ, ಮಕ್ಕಳು ಬೆಳೀತಾರಲ್ಲ" ಅಂತ ಅವನೇ ಸಮಾಧಾನ ಮಾಡಿದ. ಹಳದಿ ಪಟ್ಟಿಯ ಜೋಡಿ ಕೊಂಡು ತಂದೆ. ಹೊಲಿಗೆ ಪೆಟ್ಟಿಗೆಯ ಅಡಿಯಲ್ಲಿ, ಅವನ ಮರಣ ಪ್ರಮಾಣಪತ್ರದ ಪಕ್ಕದಲ್ಲೇ ಇದೆ.

ಆ ಪತ್ರವನ್ನೂ ಎಷ್ಟೋ ವರ್ಷದ ಮೇಲೆ ಬಿಡಿಸಿ ನೋಡಿದೆ. ಯಾರೋ ಗುಮಾಸ್ತ ಅವಸರದಲ್ಲಿ ಕೈಯಲ್ಲಿ ಬರೆದದ್ದು. ಲಿಂಗ, ಗಂಡು. ಹೆಸರಿನ ಜಾಗ ಖಾಲಿ. ಹುಟ್ಟಿದ ದಿನ, ಹೋದ ದಿನ, ಎರಡರ ಕೊನೆಗೂ ಒಂದೇ ವರ್ಷ.

ನನಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡ. ಕೆಲಸ ಎಲ್ಲ ಸರಿಯಾಗಿಯೇ ಮಾಡುತ್ತಿದ್ದೇನೆ. ಹೆಡ್‌ಮಾಸ್ತರರ ಹಲ್ಲು ಈಗ ಸೀಟಿ ಹೊಡೆಯುವುದಿಲ್ಲ, ಟಕಟಕ ಅನ್ನುತ್ತದಂತೆ.

ನಿನ್ನ ಆರೋಗ್ಯ ನೋಡಿಕೋ ಅಂತ ಎಲ್ಲ ಅಮ್ಮಂದಿರೂ ಬರೆಯುವುದನ್ನೇ ಬರೆಯುವ,
ಅಮ್ಮ

ನವೆಂಬರ್ 8

ಅಮ್ಮ,

ನೇರವಾಗಿ ಬರೆಯುತ್ತೇನೆ. ಮೇಲಿನ ತರಗತಿಯ ಒಬ್ಬನ ಪ್ರಬಂಧ ಪೂರ್ತಿ ಸುಳ್ಳು ಅಂತ ಯಾರೋ ದೂರು ಕೊಟ್ಟರು. ಈಗ ಕಾಲೇಜು ಸಮಿತಿ ಮಾಡಿ ಕಷ್ಟ ಬರೆದ ಎಲ್ಲರಿಂದಲೂ ದಾಖಲೆ ಕೇಳುತ್ತಿದೆ. ನನ್ನ ನೋಟೀಸಿನಲ್ಲಿ ಒಂದೇ ಸಾಲು ಇದೆ. ‘ಸಹೋದರನ ಮರಣ ಪ್ರಮಾಣಪತ್ರವನ್ನು ನವೆಂಬರ್ 30ರೊಳಗೆ ಒಪ್ಪಿಸಬೇಕು.’ ಇಲ್ಲದಿದ್ದರೆ ಸೀಟು ರದ್ದು.

ಸೀಟು ಹೋದರೆ ಇಲ್ಲಿಂದ ಏನು ಅಂತ ಹೇಳಿಕೊಂಡು ಹೊರಡಲಿ? ಈ ಕೋಣೆಯವಳ ಮುಖ ಹೇಗೆ ನೋಡಲಿ? ಎರಡು ವರ್ಷ ಬೇರೆ ಏನನ್ನೂ ಮಾಡದೆ ಓದಿದ್ದೇನೆ ಅಮ್ಮ. ಅಂಕ ನನ್ನವೇ. ಸುಳ್ಳು ಆ ಎರಡು ಪುಟ ಮಾತ್ರ.

ಪತ್ರ ಮನೆಯಲ್ಲಿದೆ ಅಂತ ನೀನೇ ಬರೆದಿದ್ದೀಯ. ಮುದ್ರೆ ನಿಜ, ಮಗು ನಿಜ, ಹೋದದ್ದು ನಿಜ. ಅವನು ತೀರಿಕೊಂಡ ವರ್ಷದ ಕೊನೆಯ ಅಂಕಿ ಎರಡು ಅಲ್ಲವಾ? ಅದು ಎಂಟು ಆದರೆ ಅವನಿಗೆ ಆರು ವರ್ಷ. ಹೆಸರಿನ ಜಾಗವೂ ಖಾಲಿ ಇದೆ. ಹಲ್ಲಿನ ಸೆಟ್ಟಿನ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಜನರ ಹೆಸರು ಕೊರೆಯುವ ಅಪ್ಪನಿಗೆ ಇದು ಯಾವ ಮಹಾ ಕೆಲಸ?

ನಾನು ಏನು ಕೇಳುತ್ತಿದ್ದೇನೆ ಅಂತ ನನಗೆ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ಇದೊಂದು ಸಲ ಹೊಟ್ಟೆಗೆ ಹಾಕಿಕೋ.

ಬುಗುರಿ

ನವೆಂಬರ್ 15

ಬುಗುರಿ,

ನಿನ್ನ ಪತ್ರ ಓದಿ ನಿನ್ನ ಕೆನ್ನೆಗೆ ಎರಡು ಬಿಗಿಯಬೇಕಿತ್ತು. ನನಗೆ ಬಂದದ್ದು ಸಂತೋಷ. ನಿನ್ನ ಹತ್ತಿರ ಏನು ಮುಚ್ಚುಮರೆ, ಸಂತೋಷವೇ ಆಯಿತು. ಸರ್ಕಾರದ ಮುದ್ರೆಯಿರುವ ಕಾಗದದ ಮೇಲೆ ಅವನು ಆರು ವರ್ಷ ಬದುಕಿದ್ದ ಅಂತ ಇರುತ್ತದೆ. ಒಂದು ಹೆಸರಿರುತ್ತದೆ. ನಿನ್ನ ಸೀಟು ನನಗೆ ಆಮೇಲೆ ನೆನಪಾಯಿತು.

ಅಪ್ಪನನ್ನು ಕೇಳುತ್ತೇನೆ. ಹೇಗೆ ಬಾಯಿ ಬರುತ್ತೋ ಗೊತ್ತಿಲ್ಲ, ಆದರೂ ಕೇಳುತ್ತೇನೆ.

ಅಮ್ಮ

ನವೆಂಬರ್ 22

ಮಗಳೇ,

ನಾನು ಕಾಗದ ಬರೆಯುವವನಲ್ಲ. ನನ್ನ ಅಕ್ಷರವನ್ನು ನೀನು ಹಲ್ಲಿನ ಸೆಟ್ಟಿನ ಒಳಗಷ್ಟೇ ನೋಡಿದ್ದೀಯ. ತಪ್ಪಿದ್ದರೆ ತಿದ್ದಿಕೋ.

ಮಂಗಳವಾರ ಮಧ್ಯಾಹ್ನ ಊಟವಾದ ಮೇಲೆ ನಿನ್ನಮ್ಮ ಮೂರು ವಸ್ತು ತಂದು ನನ್ನ ಮೇಜಿನ ಮೇಲಿಟ್ಟಳು. ನಿನ್ನ ಪುಸ್ತಕ, ಒಂದು ಜೋಡಿ ಚಪ್ಪಲಿ, ಆ ಪತ್ರ. "ಎರಡನ್ನ ಎಂಟು ಮಾಡಿ" ಅಂದಳು. ಹದಿನೈದು ವರ್ಷದಲ್ಲಿ ಅವನ ವಿಷಯಕ್ಕೆ ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

ಪುಸ್ತಕ ಓದಿದೆ. ಪತ್ರವನ್ನು ಭೂತಗನ್ನಡಿಯ ಕೆಳಗೆ ಇಟ್ಟೆ. ಗುಮಾಸ್ತನ ಶಾಯಿಗೆ ಹೊಂದುವ ಶಾಯಿ ನನ್ನ ಹತ್ತಿರ ಇದೆ. ಒಂದು ಗೆರೆ ಸುತ್ತಿದರೆ ಮುಗಿಯುತ್ತಿತ್ತು. ನಿನ್ನಮ್ಮ ಪಕ್ಕದಲ್ಲೇ ನಿಂತಿದ್ದಳು. ನನಗೆ ಆಸೆಯಾಗಲಿಲ್ಲ ಅನ್ನಲಾರೆ. ಪೆನ್ನು ಕಾಗದದ ಹತ್ತಿರದವರೆಗೂ ಹೋಯಿತು.

ಆಮೇಲೆ ಶೆಲ್ಫಿನಿಂದ ಆ ಕೈಯನ್ನು ಇಳಿಸಿದೆ. ಅವಳಿಗೆ ಹೇಳದೇ ಇದ್ದದ್ದನ್ನು ಹೇಳಿದೆ. ನಿನಗೂ ಹೇಳುತ್ತೇನೆ.

ಆ ಅಚ್ಚು ಅವನು ಹೋದ ಮೇಲೆ ತೆಗೆದದ್ದಲ್ಲ. ನಿನ್ನಮ್ಮನೂ ಹಾಗೇ ತಿಳಿದಿದ್ದಳು. ಅದು ಹದಿನೇಳನೇ ದಿನ, ಬೆಳಿಗ್ಗೆ ಹನ್ನೊಂದಕ್ಕೆ. ಡಾಕ್ಟರು ಹಿಂದಿನ ದಿನವೇ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ನನಗೆ ಬೇರೆ ಏನೂ ಮಾಡಲು ಬರುವುದಿಲ್ಲವಲ್ಲ. ರಬ್ಬರ್ ಬಟ್ಟಲು, ಬಾಯಿಯ ಅಚ್ಚು ತೆಗೆಯುವ ಗುಲಾಬಿ ಪುಡಿ, ಒಂದು ಬಾಟಲಿ ಉಗುರು ಬಿಸಿ ನೀರು ಚೀಲದಲ್ಲಿಟ್ಟುಕೊಂಡು ಹೋದೆ. ನರ್ಸು ನೋಡಿಯೂ ನೋಡದ ಹಾಗೆ ಆ ಕಡೆ ತಿರುಗಿದರು. ಪುಡಿ ಗಟ್ಟಿಯಾಗಲು ಮೂರು ನಿಮಿಷ ಬೇಕು. ಮೂರು ನಿಮಿಷ ಅವನ ಮುಂಗೈ ಹಿಡಿದುಕೊಂಡಿದ್ದೆ. ನಾನು ಅವನನ್ನು ಮುಟ್ಟಿದ್ದು ಅಷ್ಟೇ. ಎರಡನೇ ನಿಮಿಷದಲ್ಲಿ ಅವನು ಬೆರಳು ಆಡಿಸಿದ. ಗಾಳಿ ಒಳಗೆ ಹೋಯಿತು. ಆ ಗುಳ್ಳೆ ಅದೇ.

ನನ್ನ ಕೆಲಸದಲ್ಲಿ ಗುಳ್ಳೆ ಅಂದರೆ ತಪ್ಪು. ಸಾವಿರಾರು ಗುಳ್ಳೆ ಕೆರೆದು ತೆಗೆದಿದ್ದೇನೆ. ಅದೊಂದನ್ನು ಕೆರೆಯಲಿಲ್ಲ. ಈ ಪ್ರಪಂಚದಲ್ಲಿ ಅವನು ತಾನಾಗಿ ಮಾಡಿದ ಕೆಲಸ ಅದೊಂದೇ.

ನೀನು ಅದನ್ನು ಸುಟ್ಟ ಗಾಯ ಅಂತ ಬರೆದಿದ್ದೀಯ. ನಿನ್ನ ತಪ್ಪಲ್ಲ. ನಾನು ಸ್ಯಾಂಪಲ್ ಅಂದೆ, ನೀನು ಗಾಯ ಅಂದೆ. ಈ ಮನೆಯ ಮೊದಲ ಸುಳ್ಳು ನನ್ನದು.

ಎರಡನ್ನು ಎಂಟು ಮಾಡಿದರೆ ನಿನ್ನ ಹುಡುಗನಿಗೆ ಆರು ವರ್ಷ ಸಿಗುತ್ತದೆ. ನನ್ನ ಹುಡುಗನ ಹತ್ತೊಂಬತ್ತು ದಿನ ಹೋಗುತ್ತದೆ. ನನ್ನ ಹತ್ತಿರ ಇರುವುದು ಅಷ್ಟೇ ಮಗಳೇ. ಹೆಸರಿನ ಜಾಗಕ್ಕೂ ಏನೂ ಬರೆಯಲಿಲ್ಲ. ಅವನಿಗೆ ಏನು ಹೆಸರಿಡುವುದು ಅಂತ ನಾವಿಬ್ಬರೂ ಆಸ್ಪತ್ರೆಯಲ್ಲಿ ಜಗಳವಾಡುತ್ತಲೇ ಇದ್ದೆವು. ಅಷ್ಟರಲ್ಲಿ ದಿನ ಮುಗಿದುಹೋಯಿತು.

ಪತ್ರವನ್ನು ಇದ್ದ ಹಾಗೆಯೇ ಇದರ ಜೊತೆ ಇಟ್ಟಿದ್ದೇನೆ. ತೋರಿಸುವುದು ಬಿಡುವುದು ನಿನಗೆ ಬಿಟ್ಟದ್ದು. ಮಡಿಕೆ ಹರಿಯುವ ಹಾಗಿದೆ, ಮೆಲ್ಲಗೆ ಬಿಡಿಸು.

ನಿನ್ನ ಅಪ್ಪ

ಡಿಸೆಂಬರ್ 2

ಅಪ್ಪ, ಅಮ್ಮ,

ಇಬ್ಬರೂ ಒಟ್ಟಿಗೆ ಓದಿ. ಇನ್ನು ಡಬ್ಬಗಳ ಹಿಂದೆ ಇಡುವುದು ಬೇಡ.

ಗಡುವು ಮುಗಿದ ಮೇಲೆ ಸಮಿತಿ ಎಲ್ಲರನ್ನೂ ಕರೆಸಿತು, ನಾನು ನಿನ್ನೆ ಬೆಳಿಗ್ಗೆ ಹೋದೆ. ಉದ್ದನೆ ಮೇಜು, ಐದು ಜನ, ನಡುವೆ ಒಂದು ನೀರಿನ ಜಗ್ಗು. ನನಗಿಂತ ಮೊದಲು ಹೋದವನು ಕೋಚಿಂಗಿನ ಆ ಸೈಕಲ್ ಹುಡುಗ, ನಗುತ್ತಾ ಆಚೆ ಬಂದ. ಅವನ ಕೈ ನಿಜವಾಗಿ ಮುರಿದಿತ್ತಲ್ಲ, ಎಕ್ಸ್‌ರೇ ಇತ್ತು.

ಬುಗುರಿ ಅಂತ ಸುಮ್ಮನೆ ಹೆಸರಿಟ್ಟಿಲ್ಲ ನೀವು, ನಿಂತ ಜಾಗದಲ್ಲೇ ತಲೆ ಸುತ್ತುತ್ತಿತ್ತು. ಆದರೂ ಹೇಳಿದೆ. ನಾನು ಯಾವ ತಮ್ಮನನ್ನೂ ಸಾಕಿಲ್ಲ, ಯಾರ ಹಾಸಿಗೆಯ ಪಕ್ಕದಲ್ಲೂ ಕೂತು ಓದಿಲ್ಲ, ನನ್ನ ಅಪ್ಪ ಅಮ್ಮ ನನಗೆ ಯಾವ ಕಷ್ಟವನ್ನೂ ಕೊಟ್ಟಿಲ್ಲ. ಅಷ್ಟು ಹೇಳುವಾಗ ಅಳು ಬಂತು.

ಅವರಲ್ಲಿ ಒಬ್ಬರು ಗಣಿತದ ಮೇಡಂ. ಅವರಿಗೆ ನನ್ನ ಮೇಲೆ ಅಕ್ಕರೆ. ಮುಂದೆ ಬಾಗಿ, "ತಮ್ಮ ಅನ್ನೋನು ಇದ್ನಾ, ಇಲ್ವಾ? ಬುಡ ನಿಜ ಆಗಿದ್ರೆ ಸಾಕಮ್ಮ, ಸ್ವಲ್ಪ ಹೆಚ್ಚಿಗೆ ಬರೆದಿರೋದನ್ನ ನಾವು ನೋಡ್ಕೋತೀವಿ. ಯಾವುದಾದ್ರೂ ಒಂದು ಕಾಗದ ಇದೆಯಾ?" ಅಂದರು.

ಕಾಗದ ನನ್ನ ಚೀಲದಲ್ಲಿತ್ತು. ಕೈ ಹಾಕಿದರೆ ಮಡಿಕೆ ಬೆರಳಿಗೆ ಸಿಗುತ್ತಿತ್ತು. ತಿದ್ದಬೇಕಾಗಿಯೇ ಇರಲಿಲ್ಲ ಅಪ್ಪ. ಇದ್ದ ಹಾಗೆಯೇ ಕೊಟ್ಟಿದ್ದರೂ ಸೀಟು ಉಳಿಯುತ್ತಿತ್ತು.

ಇಲ್ಲ ಅಂದೆ.

ಯಾಕೆ ಅಂತ ಕೋಣೆಗೆ ಬರುವ ದಾರಿಯುದ್ದಕ್ಕೂ ಯೋಚಿಸಿದೆ. ಅವನನ್ನು ಒಂದು ಸಲ ಕೇಳದೆ ದುಡಿಸಿಕೊಂಡಿದ್ದೇನೆ. ಗೊತ್ತಾದ ಮೇಲೂ ಇನ್ನೊಂದು ಸಲ ದುಡಿಸಲು ಮನಸ್ಸು ಬರಲಿಲ್ಲ. ಮೇಡಂ ಬರೆದುಕೊಂಡರು, ‘ಸಹೋದರ ಇರಲಿಲ್ಲ ಎಂದು ಅಭ್ಯರ್ಥಿ ಒಪ್ಪಿಕೊಂಡಿದ್ದಾಳೆ.’ ಅದೂ ಸುಳ್ಳೇ. ಆ ಒಂದು ಸುಳ್ಳಿಗೆ ನೀವಿಬ್ಬರೂ ನನ್ನನ್ನು ಕ್ಷಮಿಸಬೇಕು.

ಸೀಟು ರದ್ದಾಗಿದೆ. ಮುಂದಿನ ವರ್ಷ ಬೇರೆ ಕಡೆ ಅರ್ಜಿ ಹಾಕಬಹುದಂತೆ. ಕೋಣೆಯವಳಿಗೆ ನಾನೇ ಹೇಳಿದೆ. ಅವಳು ಬೈಯಲಿಲ್ಲ. ಮಡಚುತ್ತಿದ್ದ ಬಟ್ಟೆ ಮಡಚಿ ಮುಗಿಸಿ, "ದನಿ ಹೋಗುತ್ತೆ, ಕೂಗಿದ ರೀತಿ ಉಳಿಯುತ್ತೆ ಅಂದ್ಯಲ್ಲ, ಅದು ಎಲ್ಲಿಂದ ಬಂತು?" ಅಂತ ಕೇಳಿದಳು. ಆಮೇಲಿಂದ ಅವಳು ನನ್ನ ಹತ್ತಿರ ಮಾತಾಡಿಲ್ಲ.

ಹನ್ನೆರಡನೇ ತಾರೀಖು ಸಂಜೆಯ ರೈಲಿಗೆ ಬರುತ್ತೇನೆ. ಪತ್ರ ಜೋಪಾನವಾಗಿದೆ.

ನಿಮ್ಮ,
ಬುಗುರಿ

ಡಿಸೆಂಬರ್ 7

ಬುಗುರಿ,

ಕಾಗದವನ್ನು ಅಪ್ಪ ಜೋರಾಗಿ ಓದಿದರು. ಮಧ್ಯೆ ಎರಡು ಕಡೆ ಕೆಮ್ಮಿದರು. ಧೂಳಿನ ಕೆಮ್ಮಲ್ಲ ಅಂತ ನನಗೆ ಗೊತ್ತಾಯಿತು.

ನೀನು ಮಾಡಿದ್ದು ಸರಿ. ಮೊದಲು ಅದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಸರಿ ಇಲ್ಲದೆ ಇರಬಹುದು.

‘ಸಹೋದರ ಇರಲಿಲ್ಲ’ ಅನ್ನುವ ಕಡೆ ನಾನು ಎದ್ದು ಒಳಗೆ ಬಂದೆ. ಹತ್ತೊಂಬತ್ತು ದಿನದವನಿಗೆ ನಾನು ಹದಿನೈದು ವರ್ಷ ಅತ್ತಿದ್ದೇನೆ, ಅವನಿಗಾಗಿ ಅಳುವುದು ನನಗೆ ಅಭ್ಯಾಸ. ಈ ಅಳು ಬೇರೆಯವನಿಗೆ. ಊಟ ಬೇಡ ಅಂತ ಹಟ ಮಾಡುತ್ತಿದ್ದವನು, ಮೋಟಾರಿನ ಸದ್ದಿಗೆ ಕುಣಿಯುತ್ತಿದ್ದವನು, ಹಳದಿ ಇಷ್ಟಪಡುತ್ತಿದ್ದವನು. ಐದು ತಿಂಗಳು ನನ್ನ ಜೊತೆ ಈ ಮನೆಯಲ್ಲಿ ಇದ್ದ ಕಣೇ. ಅವನಿಗೆ ಒಂದು ಕಾಗದವೂ ಇಲ್ಲ. ನೀನು ಮೇಜಿನ ಮುಂದೆ ನಿಂತು ಒಂದು ಮಾತು ಹೇಳಿದೆ, ಅವನು ಹೋದ. ನೀನು ಹೇಳಲೇಬೇಕಿತ್ತು. ಆದರೂ ಹೋದ. ಅವನಿಗೆ ಅಳುವವಳು ನಾನೊಬ್ಬಳೇ, ಒಂದು ಮಧ್ಯಾಹ್ನ ಅತ್ತು ಮುಗಿಸಿದೆ.

ಚಪ್ಪಲಿಯನ್ನು ಎದುರು ಮನೆಯ ಮಗುವಿಗೆ ಕೊಟ್ಟೆ. ಸರಿಹೋಯಿತು. ಕೈಯನ್ನು ಅಪ್ಪ ದವಡೆಗಳ ನಡುವಿನಿಂದ ತೆಗೆದು ಊಟದ ಮೇಜಿನ ಪಕ್ಕದ ಕಿಟಕಿಯಲ್ಲಿ ಇಟ್ಟಿದ್ದಾರೆ. ಹೆಡ್‌ಮಾಸ್ತರರು ನಿನ್ನೆ ಹಲ್ಲು ತೋರಿಸಲು ಬಂದವರು ಬಾಗಿಲಿನಿಂದ ಅದನ್ನು ನೋಡಿ "ಇದೇನು, ಸ್ಯಾಂಪಲ್ಲಾ?" ಅಂದರು. ಅಪ್ಪ ಮೋಟಾರು ನಿಲ್ಲಿಸಿ, "ನನ್ನ ಮಗಂದು" ಅಂದರು. ನನ್ನ ಕೈಯಲ್ಲಿದ್ದ ಬಟ್ಟಲು ಜಾರಿ ಪ್ಲಾಸ್ಟರೆಲ್ಲ ನೆಲಕ್ಕೆ ಚೆಲ್ಲಿತು. ಒಣಗುವ ಮೊದಲು ಇಬ್ಬರೂ ಕೂತು ಕೆರೆದೆವು.

ಇನ್ನೊಂದು ವಿಷಯ. ಅತ್ತು ಮುಗಿಸಿದ ಮೇಲೆ ನಾನೇ ಹೋಗಿ ಪ್ಯಾಸೇಜಿನ ಲೈಟು ಆರಿಸಿದೆ. ಇನ್ನು ಯಾರಿಗೆ ಬೇಕು ಅಂತ. ಕೆಲಸ ಮುಗಿಯದೆ ಸ್ಟೂಲಿನಿಂದ ಏಳದ ನಿನ್ನಪ್ಪ ಎದ್ದು ಬಂದು ಮತ್ತೆ ಹಾಕಿದರು.

"ನೆಲ ಒದ್ದೆ ಇಲ್ಲ" ಅಂದೆ.

"ಹುಡುಗಿ ಬರ್ತಾಳಲ್ಲೇ," ಅಂದರು, "ಎರಡೂ ಕೈಯಲ್ಲಿ ಚೀಲ ಇರುತ್ತೆ."

ಅಮ್ಮ